ಪ್ರದರ್ಶನದ ದೃಷ್ಟಿ ಮತ್ತು ಕರ್ತೃವಿನ ಹೆಸರು

ಪುಣೆಯಲ್ಲಿ 1890ರಲ್ಲಿ ಸ್ಥಾಪಿತವಾಗಿ, ಗವರ್ನರ್ ಲಾರ್ಡ್ ರೇ ಅವರ ಹೆಸರನ್ನು ಹೊತ್ತಿದ್ದ ಔದ್ಯೋಗಿಕ ವಸ್ತುಸಂಗ್ರಹಾಲಯವು (ಇಂದಿನ ಮಹಾತ್ಮಾ ಫುಲೆ ವಸ್ತುಸಂಗ್ರಹಾಲಯ) ವಿಶ್ವಪ್ರದರ್ಶನಗಳ ಯುಗದ ಕೂಸು. ಆ ಯುಗದ ದೃಷ್ಟಿಯನ್ನರಿಯಲು ಜಾರ್ಜ್ ಬರ್ಡ್‌ವುಡ್‌ರನ್ನು ಓದಬೇಕು. 1832ರಲ್ಲಿ ಬೆಳಗಾವಿಯಲ್ಲಿ ಜನಿಸಿದ ಇವರು 1878ರ ಪ್ಯಾರಿಸ್ ಪ್ರದರ್ಶನದ ಬ್ರಿಟಿಷ್ ಭಾರತ ವಿಭಾಗಕ್ಕೆ ಕೈಪಿಡಿ ಬರೆದರು. 1880ರ ‘ಇಂಡಸ್ಟ್ರಿಯಲ್ ಆರ್ಟ್ಸ್ ಆಫ್ ಇಂಡಿಯಾ’ ಅದರಿಂದಲೇ ಬೆಳೆದದ್ದು.

ಯಂತ್ರೋದ್ಯಮದೆದುರು ಹಳ್ಳಿಯ ಕುಶಲಕರ್ಮಿಯ ಪರ ನಿಂತ ಈ ಗ್ರಂಥದ ಉಪಕಾರ ಸಣ್ಣದಲ್ಲ. ಆದರೆ ಅದರ ವಿಂಗಡಣೆ ಪ್ರದರ್ಶನಾಂಗಣದ್ದೇ: ಲೋಹ, ಮಣ್ಣು, ಮರ, ನೂಲು. ಮಾಡಿದವನಿಗಿಂತ ದ್ರವ್ಯವೂ ಊರೂ ಮುಖ್ಯವಾಗುತ್ತವೆ. ಶಿಲ್ಪ, ಚಿತ್ರಗಳು ಲಲಿತಕಲೆಗಳಾಗಿ ಭಾರತದಲ್ಲಿಲ್ಲವೆಂಬ ಅವರ ತೀರ್ಪು ಈ ವಿಂಗಡಣೆಯ ಫಲವೆಂದೇ ನನ್ನ ಅಭಿಪ್ರಾಯ. 1910ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಅವರು ಜಾವಾದ ಬುದ್ಧಮೂರ್ತಿಯೊಂದನ್ನು ಕೊಬ್ಬು ಬೆರೆಸಿ ಬೇಯಿಸಿದ ಕಡುಬಿಗೆ ಹೋಲಿಸಿದರು! ಆ ಮಾತಿಗೆದ್ದ ಪ್ರತಿಭಟನೆ ಅದೇ ವರ್ಷ ಇಂಡಿಯಾ ಸೊಸೈಟಿಯ ಹುಟ್ಟಿಗೆ ಪ್ರೇರಣೆಯಾಯಿತು.

ಮಧ್ಯಕಾಲೀನ ಕನ್ನಡವನ್ನು ಓದಿದವರಿಗೆ ಇಲ್ಲಿ ಕಾಣುವ ಕೊರತೆ ಬೇರೆ. 1117ರ ಬೇಲೂರು ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರುಗಳನ್ನು ಬಿರುದುಸಹಿತ ಕೆತ್ತಿಸಿದ್ದಾರೆ. ಕಾವ್ಯದಲ್ಲಿ ಕವಿ ತನ್ನ ಹೆಸರು ಹೇಳಿಕೊಳ್ಳುವಂತೆಯೇ ಇದೂ ಕರ್ತೃತ್ವದ ಘೋಷಣೆ. ಕಲ್ಲು ಉಳಿಸಿಕೊಟ್ಟ ಈ ಹೆಸರಿಗೆ ಪ್ರದರ್ಶನದ ವರ್ಗೀಕರಣದಲ್ಲಿ ಜಾಗವಿರಲಿಲ್ಲ.

ಪ್ರದರ್ಶನಗಳ ಪಟ್ಟಿಗಳಲ್ಲಿ ಊರಷ್ಟೇ ನಮೂದಾಗಿರುವೆಡೆ ಕುಶಲಕರ್ಮಿಯ ಹೆಸರನ್ನು ಬಹುಮಾನದ ದಾಖಲೆಗಳಲ್ಲಿ, ಖರೀದಿಯ ಲೆಕ್ಕಗಳಲ್ಲಿ ಅರಸಬೇಕು. ಪುಣೆ, ಮುಂಬಯಿಗಳಲ್ಲಿರುವ ನಮ್ಮ ಸಂಶೋಧಕರಿಗೆ ಈ ಕೆಲಸ ಕೈಯಳತೆಯಲ್ಲಿದೆ.