ಧ್ವನಿನಿಯಮಗಳ ಮುದ್ರಣದಲ್ಲಿ ದೊಡ್ಡ ಆವರಣ

ಧ್ವನಿನಿಯಮಗಳ ಬರಹದಲ್ಲಿ ಆವರಣಚಿಹ್ನೆಯ ಆಕಾರ, ಎತ್ತರ ಎರಡಕ್ಕೂ ಅರ್ಥವಿದೆ. ನೋಮ್ ಚಾಮ್ಸ್ಕಿ ಮತ್ತು ಮಾರಿಸ್ ಹ್ಯಾಲೆ ಅವರ ‘ದಿ ಸೌಂಡ್ ಪ್ಯಾಟರ್ನ್ ಆಫ್ ಇಂಗ್ಲಿಷ್’ (1968) ಈ ಪದ್ಧತಿಯನ್ನು ನೆಲೆಗೊಳಿಸಿತು. ಚೌಕಾವರಣದೊಳಗೆ ಒಂದರ ಕೆಳಗೊಂದು ಜೋಡಿಸಿದ ಲಕ್ಷಣಗಳೆಲ್ಲ ಒಂದೇ ಧ್ವನಿಯವು. ಪುಷ್ಪಾವರಣದ ಸಾಲುಗಳು ಪರ್ಯಾಯಗಳು. ದುಂಡಾವರಣದಲ್ಲಿರುವುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪುಷ್ಪಾವರಣ ಒಂದು ಸಾಲಿನಷ್ಟು ಗಿಡ್ಡವಾದರೆ ಕೊನೆಯ ಪರ್ಯಾಯ ನಿಯಮದಿಂದಲೇ ಹೊರಬಿದ್ದಂತೆ ಕಾಣುತ್ತದೆ.

ಕನ್ನಡದ ಆದೇಶಸಂಧಿಯನ್ನೇ ನೋಡಬಹುದು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ. ಚ, ಟಗಳನ್ನು ಸೂತ್ರ ಮುಟ್ಟುವುದಿಲ್ಲ. ಹೀಗಾಗಿ ಚೌಕಾವರಣದಲ್ಲಿ ಅಘೋಷ, ಅದರಡಿ ಅಲ್ಪಪ್ರಾಣ, ಅದರಡಿ ಪುಷ್ಪಾವರಣದೊಳಗೆ ಕಂಠ್ಯ, ದಂತ್ಯ, ಓಷ್ಠ್ಯ ಎಂದು ಐದು ಸಾಲು ಬರಬೇಕು. ಬಾಣದ ಬಲಕ್ಕೆ ಘೋಷ ಎಂಬ ಒಂದೇ ಸಾಲು. ಬಾಣವೂ ಪರಿಸರವನ್ನು ಬೇರ್ಪಡಿಸುವ ಓರೆಗೆರೆಯೂ ದೊಡ್ಡ ಆವರಣದ ನಟ್ಟನಡುವಿನ ಮಟ್ಟದಲ್ಲಿ ನಿಂತರೆ ಮಾತ್ರ ಓದುಗನ ಕಣ್ಣು ಎಡದಿಂದ ಬಲಕ್ಕೆ ತಡವರಿಸದೆ ಸಾಗುತ್ತದೆ.

ಸಾಮಾನ್ಯ ಆವರಣದ ಅಕ್ಷರಗಾತ್ರವನ್ನೇ ಹಿಗ್ಗಿಸುವುದು ಕೆಟ್ಟ ರೂಢಿ. ಎತ್ತರದ ಜೊತೆ ಗೆರೆಯೂ ದಪ್ಪವಾಗಿ, ಒಳಗಿನ ಲಕ್ಷಣಗಳಿಗಿಂತ ಆವರಣವೇ ಕಣ್ಣಿಗೆ ಹೊಡೆಯುತ್ತದೆ. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಅದು ದೊಡ್ಡ ಆವರಣವನ್ನು ತುಂಡುಗಳಿಂದ ಕಟ್ಟುತ್ತದೆ: ತುದಿಗಳಿಗೆ ಎರಡು ಕೊಕ್ಕೆ, ನಡುವೆ ಬೇಕಾದಷ್ಟು ಸಲ ನೆಟ್ಟನೆಯ ತುಂಡು, ಪುಷ್ಪಾವರಣವಾದರೆ ಮಧ್ಯದಲ್ಲೊಂದು ಮೂತಿ. ಎತ್ತರ ಎಷ್ಟಾದರೂ ಗೆರೆಯ ದಪ್ಪ ಬದಲಾಗದು.

ಆದರೂ ಟೆಕ್ ಗಣಿತಕ್ಕೆಂದು ಹುಟ್ಟಿದ್ದು. ಒಳಗಿನ ಎತ್ತರದ ಶೇಕಡ 90.1ರಷ್ಟನ್ನು ಆವರಿಸಿ, ಕೊರತೆ 5 ಪಾಯಿಂಟ್ ಮೀರದಿದ್ದರೆ ಸಾಕೆಂಬುದು ಅದರ ಮೂಲ ಕಟ್ಟಳೆ. ಗಣಿತದಲ್ಲಿ ಇದು ಹಿತವಾದ ಸಡಿಲಿಕೆ. ಲಕ್ಷಣಗಳ ಪಟ್ಟಿಯಲ್ಲಿ ದೋಷ. ಕನ್ನಡ ಲಿಪಿಯಲ್ಲಂತೂ ‘ಓಷ್ಠ್ಯ’ದ ಒತ್ತಕ್ಷರಗಳು ಕೆಳಕ್ಕೆ ಜೋತು ಆವರಣದ ಅಂಚನ್ನು ದಾಟಿಬಿಡಬಹುದು. ಒತ್ತಿಲ್ಲದ ‘ಅಘೋಷ’ದ ಸಾಲು ಸಹಜ ಎತ್ತರದಲ್ಲೇ ಉಳಿದು, ಒತ್ತುಳ್ಳ ಸಾಲು ಮಾತ್ರ ಹಿಗ್ಗುವುದರಿಂದ ಅಂತರವೂ ಏರುಪೇರಾಗುತ್ತದೆ. ಆ ಎರಡು ಅಳತೆಗಳನ್ನು ಪೂರ್ಣ ಎತ್ತರಕ್ಕೆ ಮತ್ತು ಸೊನ್ನೆ ಕೊರತೆಗೆ ಬದಲಿಸಿ, ಅತಿ ಆಳದ ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿದು ಎಲ್ಲ ಸಾಲುಗಳಿಗೂ ಒಂದೇ ಎತ್ತರ ಕೊಟ್ಟರೆ ಎರಡೂ ತೊಂದರೆ ನೀಗುತ್ತವೆ.