ಪಾಯಿಂಟ್ ಲೋಬೋಸ್: ಒಳಗೆ ಬಿಗಿ, ಬಾಗಿಲಲ್ಲಿ ಸಡಿಲ

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರು ದಾಟಿ ಒಂದನೇ ನಂಬರಿನ ಹೆದ್ದಾರಿಯಲ್ಲಿ ತುಸು ದಕ್ಷಿಣಕ್ಕೆ ಹೋದರೆ, ಬಲಗಡೆಗೆ ಪಾಯಿಂಟ್ ಲೋಬೋಸ್ ಸಂರಕ್ಷಿತ ಪ್ರದೇಶದ ಗೇಟು ಸಿಗುತ್ತದೆ. ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗರಿಗೆ ಇದು ಸುಮಾರು ಒಂದೂವರೆ ತಾಸಿನ ದಾರಿ. ಮಕ್ಕಳ ಮನೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಗೋಲ್ಡನ್ ಗೇಟ್ ಸೇತುವೆ ತೋರಿಸಿ ಮುಗಿದ ಮೇಲೆ, ಮುಂದಿನ ಶನಿವಾರಕ್ಕೆ ಗೊತ್ತುಮಾಡುವ ಜಾಗಗಳಲ್ಲಿ ಇದೂ ಒಂದು. ಹೈಕಿಂಗ್ ಎಂಬ ಮಾತಿಗೆ ಹಿರಿಯರು ಹೆದರಬೇಕಿಲ್ಲ. ಇಲ್ಲಿ ಏರುವುದಕ್ಕೆ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. ಹೆಸರಾದ ಸೈಪ್ರೆಸ್ ತೋಪಿನ ಸುತ್ತು ಒಂದೂಕಾಲು ಕಿಲೋಮೀಟರಿನಷ್ಟು, ಬರ್ಡ್ ಐಲ್ಯಾಂಡ್ ಸುತ್ತೂ ಹೆಚ್ಚುಕಡಿಮೆ ಅಷ್ಟೇ. ಚಾರಣದ ಬೆವರು ಬಯಸಿ ಬಂದವರಿಗೆ ನಿರಾಸೆ ಖಂಡಿತ.

ಆದರೂ ಇದನ್ನು ನಡೆದೇ ನೋಡಬೇಕು. ಕಾರಿನಿಂದ ಕಾಣುವುದು ಕಡಲು ಮತ್ತು ಬಂಡೆ, ಅಷ್ಟೇ. ಸೈಪ್ರೆಸ್ ತೋಪಿನ ಉತ್ತರದ ಮಗ್ಗುಲಿಗೆ ತಿರುಗಿದಾಗ ಮರಗಳ ಒಣ ಕೊಂಬೆಗಳಿಗೆ ಯಾರೋ ಕುಂಕುಮಗೇಸರಿ ಬಣ್ಣ ಬಳಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಮಖಮಲ್ಲಿನಂಥ ಪಾಚಿ, ಹೆಸರು ಟ್ರೆಂಟೆಪೋಲಿಯಾ. ಜಾತಿಯಲ್ಲಿ ಹಸಿರು ಪಾಚಿಯೇ, ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನ್ ಇದರಲ್ಲಿ ತುಂಬಿಕೊಂಡು ಹಸಿರನ್ನು ಮುಚ್ಚಿಬಿಟ್ಟಿದೆ. ಮರಕ್ಕೆ ಇದರಿಂದ ತೊಂದರೆಯಿಲ್ಲ. ಮಾಂಟೆರೆ ಸೈಪ್ರೆಸ್ ತಾನಾಗಿಯೇ ಬೆಳೆಯುವ ತೋಪುಗಳು ಜಗತ್ತಿನಲ್ಲಿ ಉಳಿದಿರುವುದು ಎರಡೇ. ಒಂದು ಇಲ್ಲಿ, ಇನ್ನೊಂದು ಕಾರ್ಮೆಲ್ ಕೊಲ್ಲಿಯ ಆಚೆ ದಡದಲ್ಲಿ. ಉದ್ಯಾನಗಳಲ್ಲಿ ನೆಟ್ಟ ಸೈಪ್ರೆಸ್‌ಗಳು ನೆಟ್ಟಗೆ ನಿಲ್ಲುತ್ತವೆ. ಕಡಲಗಾಳಿ ತಿಂದ ಇಲ್ಲಿನವು ಬಂಡೆಯಂಚಿನಲ್ಲಿ ಒಂದೇ ದಿಕ್ಕಿಗೆ ಬಾಗಿ, ತೊಗಟೆ ಕಳಚಿ ಬೆಳ್ಳಗಾಗಿ, ಒಂದೆರಡು ಕೊಂಬೆಗಳಲ್ಲಷ್ಟೇ ಹಸಿರು ಉಳಿಸಿಕೊಂಡಿವೆ.

ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, 'ಮನುಷ್ಯನ ಕೈ ಸೋಕದ ಜಾಗ' ಎಂದು. ಅದು ಶುದ್ಧ ಸುಳ್ಳು. ಮನುಷ್ಯರ ಕೈ ಇಲ್ಲಿ ಸೋಕಿದಷ್ಟು ಈ ಕರಾವಳಿಯಲ್ಲಿ ಇನ್ನೆಲ್ಲೂ ಸೋಕಿರಲಿಕ್ಕಿಲ್ಲ. ರಮ್ಸೆನ್ ಓಲೋನಿ ಜನರ ಕಾಲದ ಚಿಪ್ಪಿನ ರಾಶಿಗಳು ಇಲ್ಲಿವೆ, ಬಂಡೆಗಳಲ್ಲಿ ಅವರು ಕಾಳು ಕುಟ್ಟಿದ ಕುಳಿಗಳಿವೆ. 1850ರ ದಶಕದಲ್ಲಿ ಚೀನೀ ಮೀನುಗಾರರು ಬಂದು ನೆಲೆಸಿದರು. ಆಮೇಲೆ ಎರಡು ದಶಕ ಪೋರ್ಚುಗೀಸ್ ಮೂಲದ ತಿಮಿಂಗಿಲ ಬೇಟೆಗಾರರ ಕಾರುಬಾರು. ಗ್ರಾನೈಟ್ ಕಲ್ಲುಗಣಿ ನಡೆಯಿತು, ಇಲ್ಲಿಂದಲೇ ಹಡಗುಗಳಿಗೆ ಕಲ್ಲಿದ್ದಲು ತುಂಬಿದರು. 1890ರ ದಶಕದ ಕೊನೆಗೆ ಜಪಾನಿನ ಗೆನ್ನೊಸುಕೆ ಕೊಡಾನಿ ಬಂದು, ಅಬಲೋನ್ ಎಂಬ ಕಡಲ ಚಿಪ್ಪುಜೀವಿಯನ್ನು ಹಿಡಿದು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಪಾಲುದಾರನಾದ. ವೇಲರ್ಸ್ ಕೋವ್ ಎಂಬ ಕೊಲ್ಲಿಯ ದಡದಲ್ಲಿ ಚೀನೀಯರು ಕಟ್ಟಿದ ಮರದ ಗುಡಿಸಲೊಂದು ಈಗಲೂ ನಿಂತಿದೆ. ಅದರ ನೆಲಹಾಸಿನ ಅಡಿಗೆ ಆಸರೆಯಾಗಿ ಇಟ್ಟಿರುವುದು ತಿಮಿಂಗಿಲದ ಬೆನ್ನುಮೂಳೆ. ಈಗ ಅದೊಂದು ಪುಟ್ಟ ವಸ್ತುಸಂಗ್ರಹಾಲಯ. ಇಡೀ ಪ್ರದೇಶದಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಜಾಗ ಯಾವುದೆಂದರೆ ಇದೇ. ಬಂದವರಲ್ಲಿ ಬಹಳ ಮಂದಿ ಇದರ ಕಡೆ ತಿರುಗಿಯೂ ನೋಡದೆ ಚೈನಾ ಕೋವ್‌ನ ಹಸಿರು ನೀರಿನ ಫೋಟೋ ತೆಗೆದುಕೊಳ್ಳಲು ಧಾವಿಸುತ್ತಾರೆ ಎಂಬುದು ಬೇರೆ ಮಾತು.

ಒಂದು ಕಾಲಕ್ಕೆ ಇದು ಸೈಟುಗಳ ಬಡಾವಣೆಯಾಗಬೇಕಿತ್ತು. ನಕಾಶೆ ಸಿದ್ಧವಾಗಿ ನಿವೇಶನಗಳು ಮಾರಾಟವೂ ಆಗಿದ್ದವು. 1898ರಲ್ಲಿ ಎ. ಎಂ. ಆಲನ್ ಎಂಬಾತ ಇಲ್ಲಿ 640 ಎಕರೆ ಕೊಂಡ. ಮಾರಾಟವಾಗಿದ್ದ ನಿವೇಶನಗಳನ್ನು ಆತನ ಕುಟುಂಬ ಒಂದೊಂದಾಗಿ ಮರಳಿ ಕೊಂಡಿತು. ಸೈಪ್ರೆಸ್ ನೋಡಲು ಬರುವವರ ಕಾಟ ತಡೆಯಲು ಗೇಟು ಹಾಕಿ ಬಂಡಿಯೊಂದಕ್ಕೆ ಇಷ್ಟು ಎಂದು ಸುಂಕ ವಸೂಲಿ ಮಾಡಿದವರೂ ಅವರೇ. 1933ರಲ್ಲಿ ರಾಜ್ಯ ಸರ್ಕಾರ 348 ಎಕರೆ ಕೊಂಡುಕೊಂಡಾಗ, ಸೈಪ್ರೆಸ್ ತೋಪಿನ 15 ಎಕರೆಯನ್ನು ಆಲನ್ ಕುಟುಂಬ ದಾನವಾಗಿಯೇ ಕೊಟ್ಟಿತು. 1960ರಲ್ಲಿ ದಡದಾಚೆಯ ನೀರನ್ನೂ ಸೇರಿಸಿಕೊಂಡು ಕಡಲಡಿಯ ಸಂರಕ್ಷಿತ ಪ್ರದೇಶ ಮಾಡಿದರು. ಅಮೆರಿಕದಲ್ಲಿ ಇಂಥ ಮೊದಲ ಪ್ರಯತ್ನಗಳಲ್ಲಿ ಅದೊಂದು.

ಹಾಗೆ ಜನ ಹಿಂದೆ ಸರಿದ ಫಲ ಕಣ್ಣಿಗೆ ಕಾಣುತ್ತದೆ. ತುಪ್ಪಳಕ್ಕಾಗಿ ಕೊಂದು ಮುಗಿಸಿದರು ಎಂದೇ ಎಲ್ಲರೂ ತಿಳಿದಿದ್ದ ಕಡಲ ನೀರುನಾಯಿಗಳು 1938ರಲ್ಲಿ ಇಲ್ಲಿಂದ ದಕ್ಷಿಣಕ್ಕೆ ಬಿಕ್ಸ್‌ಬಿ ಕ್ರೀಕ್ ಹತ್ತಿರ ಐವತ್ತರಷ್ಟು ಕಾಣಿಸಿಕೊಂಡವು. ಈಗ ಕ್ಯಾಲಿಫೋರ್ನಿಯಾ ತೀರದಲ್ಲಿ ಅವು ಮೂರು ಸಾವಿರದ ಆಸುಪಾಸು ಇವೆ. ಇಲ್ಲಿನ ಸೀ ಲಯನ್ ಪಾಯಿಂಟಿನಲ್ಲಿ ಸ್ವಯಂಸೇವಕರು ದುರ್ಬೀನು ಹೂಡಿ ನಿಂತಿರುತ್ತಾರೆ. ಅದರಲ್ಲಿ ಕಣ್ಣಿಟ್ಟರೆ, ಕೆಲ್ಪ್ ಕಳೆಯನ್ನು ಮೈಗೆ ಸುತ್ತಿಕೊಂಡು ಅಂಗಾತ ಮಲಗಿದ ನೀರುನಾಯಿಯೊಂದು ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತಿರುವುದು ಕಾಣಸಿಗುತ್ತದೆ. ಈ ಸ್ವಯಂಸೇವಕರು ಪಾಠ ಒಪ್ಪಿಸುವ ಗೈಡುಗಳಲ್ಲ, ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಕೊಡುವವರು. ಪಾಯಿಂಟ್ ಲೋಬೋಸ್ ಗಳಿಸಬಹುದಾದ ಅಂಕಗಳಲ್ಲಿ ಅರ್ಧ ಇವರಿಗೇ ಸಲ್ಲಬೇಕು.

ಇನ್ನರ್ಧ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರಕ್ಕೆ ಎಳೆದ ತಂತಿಗೆ. ಯಾರು ಬೇಕಾದರೂ ದಾಟಬಹುದು, ಆದರೂ ಹೆಚ್ಚಿನವರು ದಾಟುವುದಿಲ್ಲ. ನಾಯಿಗೆ ಪ್ರವೇಶವಿಲ್ಲ, ಡ್ರೋನ್ ಹಾರಿಸುವಂತಿಲ್ಲ, ಒಂದು ಚಿಪ್ಪನ್ನೂ ಜೇಬಿಗೆ ಹಾಕುವಂತಿಲ್ಲ. ವಸಂತದಲ್ಲಿ ಸೀಲ್‌ಗಳು ಮರಿ ಹಾಕುವಾಗ ಚೈನಾ ಕೋವ್‌ಗೆ ಇಳಿಯುವ ಮೆಟ್ಟಿಲನ್ನೇ ಮುಚ್ಚುತ್ತಾರೆ. ಮೇಲಿನಿಂದ ನೋಡಿ ತೃಪ್ತಿಪಡಬೇಕು. ಇಷ್ಟು ಬಿಗಿ ಇದ್ದರೂ ನಡೆಯುವವರಿಗೆ ಉಸಿರು ಕಟ್ಟುವುದಿಲ್ಲ, ದಾರಿಗಳನ್ನು ಅಷ್ಟು ಜಾಣತನದಿಂದ ಅಲೆಯ ಅಂಚಿಗೇ ಒಯ್ದಿದ್ದಾರೆ.

ಎಡವಿರುವುದು ಬಾಗಿಲಲ್ಲಿ. ನೂರು ವರ್ಷಕ್ಕೂ ಹಿಂದೆ ಆಲನ್ ಬಂಡಿಯ ಲೆಕ್ಕ ಹಿಡಿದ, ಇವತ್ತೂ ಲೆಕ್ಕ ಕಾರಿನದೇ. ಕಾರೊಂದಕ್ಕೆ 10 ಡಾಲರ್, ಒಬ್ಬರಿದ್ದರೂ ಅಷ್ಟೇ, ಏಳು ಜನ ತುಂಬಿಕೊಂಡು ಬಂದರೂ ಅಷ್ಟೇ. ನಡೆದು ಒಳಬರುವವರಿಗೆ ಶುಲ್ಕವಿಲ್ಲ. ಒಳಗೆ ಪಾರ್ಕಿಂಗ್ ಜಾಗ ಕಡಿಮೆ, ರಜೆಯ ದಿನ ಬೆಳಿಗ್ಗೆಯೇ ತುಂಬುತ್ತದೆ. ಆಮೇಲೆ ಬಂದವರು ಹೆದ್ದಾರಿಯ ಅಂಚಿನಲ್ಲೇ ಕಾರು ನಿಲ್ಲಿಸಿ, ವೇಗದ ವಾಹನಗಳ ಪಕ್ಕದಲ್ಲಿ ಮಕ್ಕಳ ಕೈಹಿಡಿದು ನಡೆದು ಬರುತ್ತಾರೆ. ದುಡ್ಡೂ ಉಳಿಯಿತು, ಕಾಯುವುದೂ ತಪ್ಪಿತು! ಗೇಟು ತಡೆದದ್ದು ಕಾರುಗಳನ್ನು ಮಾತ್ರ. ಜನ ಎಂದಿನಷ್ಟೇ ಒಳಗಿದ್ದಾರೆ. ತಂತಿಯೊಳಗೆ ಎಲೆಯೆಲೆಯನ್ನೂ ಕಾಯುವ ವ್ಯವಸ್ಥೆ, ಒಂದು ದಿನಕ್ಕೆ ಎಷ್ಟು ಕಾಲುಗಳನ್ನು ಈ ನೆಲ ತಾಳಿಕೊಳ್ಳಬಲ್ಲದು ಎಂಬ ಮೂಲ ಪ್ರಶ್ನೆಯನ್ನೇ ಬಾಗಿಲಲ್ಲಿ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕರ್ನಾಟಕ ತಡವಾಗಿಯಾದರೂ ಕೇಳಿತು. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಂಗುಳಿಯ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ನಂತರ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. ತಂತಿ, ಸ್ವಯಂಸೇವಕರು, ದುರ್ಬೀನು ನಮ್ಮಲ್ಲಿ ಇಲ್ಲ. ಅವನ್ನು ಪಾಯಿಂಟ್ ಲೋಬೋಸಿನಿಂದ ಕಲಿಯಬೇಕು. ತಲೆ ಎಣಿಸುವುದನ್ನು ಅವರು ನಮ್ಮಿಂದ ಕಲಿಯಬಹುದು.

ಹೋಗುವವರು ವಾರದ ನಡುವೆ, ಬೆಳಿಗ್ಗೆ ಎಂಟಕ್ಕೆ ಗೇಟು ತೆರೆಯುವ ಹೊತ್ತಿಗೆ ಹೋಗಿ. ಬೇಸಿಗೆಯಲ್ಲೂ ಮಂಜು ಕವಿಯುತ್ತದೆ, ಸ್ವೆಟರ್ ಇರಲಿ. ಮೂರೆಲೆಯ ಪಾಯ್ಸನ್ ಓಕ್ ಗಿಡವನ್ನು ಮುಟ್ಟಬೇಡಿ, ಮೈಯೆಲ್ಲ ತುರಿಕೆ ಏಳುತ್ತದೆ. ಮೊದಲು ಗುಡಿಸಲು, ಆಮೇಲೆ ಸೈಪ್ರೆಸ್ ತೋಪು, ಕೊನೆಗೆ ಬರ್ಡ್ ಐಲ್ಯಾಂಡ್ ನೋಡಿ. ಗೇಟಿನಲ್ಲಿ ಜಾಗವಿಲ್ಲ ಎಂದರೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಬೇಡಿ. ಸ್ವಲ್ಪ ದಕ್ಷಿಣಕ್ಕೆ ಗರಪಾಟಾ ಇದೆ, ಕಡಲ ದಂಡೆಯ ದಾರಿಗಳು ಅಲ್ಲೂ ಇವೆ. ಲೋಬೋಸಿಗೆ ಇನ್ನೊಂದು ದಿನ ಬನ್ನಿ.