ಮನ್ಸೂರರು ಕಂಪೋಸರ್ ಅಲ್ವಾ?

ಹೋದ ರಾಜ್ಯೋತ್ಸವಕ್ಕೆ ಆಫೀಸಿನಲ್ಲಿ ನಾನೊಂದು ವಚನ ಹಾಡಿದೆ. ಬಸವಣ್ಣನವರದು. ಲ್ಯಾಪ್‌ಟಾಪಿನಲ್ಲಿ ಒಂದು ಡ್ರಮ್ ಲೂಪ್ ಹಾಕಿಕೊಂಡು ಅದರ ಮೇಲೆ ವಚನ ಕೂರಿಸಿದ್ದೆ. ಮೊದಲ ಸಾಲೇ ಪಲ್ಲವಿ. ಎಲ್ಲಾ ಸರಿಯಾಗಿ ಕೂತಿತು, ಕೊನೆಯ ಸಾಲೊಂದನ್ನು ಬಿಟ್ಟು. ಅದು ಲೂಪಿಗಿಂತ ಉದ್ದ. ಹಾಗಾಗಿ 'ಕೂಡಲಸಂಗಮದೇವ'ನನ್ನೇ ಕತ್ತರಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ವಿಡಿಯೊ ಊರಿನ ವಾಟ್ಸಾಪ್ ಗ್ರೂಪಿಗೂ ಹೋಯ್ತು.

ಊರು ಅಂದ್ರೆ ಕೌಜಲಗಿ. ಗೋಕಾಕ ಕಡೆಯವರಿಗೆ ಹೇಳಬೇಕಾಗಿಲ್ಲ, ಶ್ರೀಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮನ ಊರು. ಪಾರಿಜಾತದ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದ ಕಾಕಾ ಒಬ್ಬರು ಫೋನ್ ಮಾಡಿದರು.

"ಛಲೋ ಹಾಡಿದಿ ತಮ್ಮಾ. ಆದ್ರ ಹೆಸರs ತಗದೀಯಲ್ಲೋ, ಯಾರ ವಚನ ಅದು?"

"ಲೂಪಿಗೆ ಕೂಡಲಿಲ್ಲರಿ ಕಾಕಾ."

"ಹಂಗಾರ ನಿನ್ನ ಲೂಪ್ ಕತ್ತರಿಸಬೇಕಿತ್ತು. ಮನ್ಸೂರ ಬುವಾ ಹೆಂಗ ಹಾಡ್ಯಾರ, ಒಮ್ಮೆ ಕೇಳು."

ಕೇಳಿದೆ. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಮಲ್ಲಿಕಾರ್ಜುನ ಮನ್ಸೂರರನ್ನು ನಾವೆಲ್ಲ ದೊಡ್ಡ ಗಾಯಕರು ಅಂತೀವಿ. ಸಂಗೀತ ರಚಿಸಿದವರು ಅಂತ ಯಾಕೆ ಅನ್ನಲ್ಲ?

ನಮ್ಮ ಭಾಗದವರೇ ಆದ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ, ಅಂದ್ರೆ ಕುಮಾರ ಗಂಧರ್ವ. ಅವರು ಹೊಸ ರಾಗಗಳನ್ನು ಕಟ್ಟಿದರು, 'ಅನೂಪರಾಗವಿಲಾಸ' ಅಂತ ಪುಸ್ತಕ ಮಾಡಿ ತಮ್ಮ ರಚನೆಗಳನ್ನು ಕೊಟ್ಟರು. ಅವರನ್ನು ರಚನಕಾರ ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ಮನ್ಸೂರರದು ಬೇರೆ ದಾರಿ. ಧಾರವಾಡದ ಪಕ್ಕದ ಮನ್ಸೂರು ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದವರು, ಸಣ್ಣ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದರು. ಅಪ್ಪಯ್ಯ ಸ್ವಾಮಿಗಳ ಹತ್ತಿರ ಕರ್ನಾಟಕ ಸಂಗೀತ, ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಹತ್ತಿರ ಗ್ವಾಲಿಯರ್ ಗಾಯಕಿ, ಆಮೇಲೆ ಮುಂಬೈಯಲ್ಲಿ ಮಂಜಿಖಾನರ ಹತ್ತಿರ ಜೈಪುರ-ಅತ್ರೌಲಿ. ಮಂಜಿಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿಖಾನರ ಹತ್ತಿರ. ಶುದ್ಧ ನಟ, ಆಸಾ ಜೋಗಿಯಾ, ಬಹಾದುರಿ ತೋಡಿಯಂಥ ಅಪರೂಪದ ರಾಗಗಳನ್ನು ಜೀವಂತ ಇಟ್ಟರು. ಹೊಸದನ್ನು ಕಟ್ಟಿದವರಲ್ಲ, ಇದ್ದದ್ದನ್ನು ಕಾಯ್ದವರು ಅಂತ ನಾವು ಲೆಕ್ಕ ಮುಗಿಸಿಬಿಟ್ಟಿದ್ದೇವೆ.

ಈ ಲೆಕ್ಕದಲ್ಲಿ ವಚನಗಳು ಬಿಟ್ಟುಹೋಗಿವೆ.

ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಅಚ್ಚಾಗಿದ್ದು 1923ರಲ್ಲಿ. ತಾಡವಾಲೆಯಲ್ಲಿದ್ದ ವಚನಗಳು ದೊಡ್ಡ ಮಟ್ಟದಲ್ಲಿ ಜನರ ಕೈಗೆ ಬಂದದ್ದೇ ಆಮೇಲೆ. ದಾಸರ ಪದಕ್ಕೆ ಪಲ್ಲವಿ, ಚರಣ ಇರುತ್ತೆ. ವಚನಕ್ಕೆ ಅವು ಇಲ್ಲ, ಸಾಲುಗಳ ಅಳತೆಯೂ ಒಂದೇ ಇಲ್ಲ. ಮಾತಿನ ಹಾಗೆ ನಡೆಯುತ್ತೆ, ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಅಂಕಿತಕ್ಕೆ ಬಂದು ನಿಲ್ಲುತ್ತೆ. ಇಂಥದನ್ನು ರಾಗಕ್ಕೆ ತರುವವನು ಎಷ್ಟೋ ನಿರ್ಧಾರ ಮಾಡಬೇಕು. ಯಾವ ಸಾಲಿಗೆ ತಿರುಗಿ ಬರಬೇಕು? ಯಾವ ಅಕ್ಷರ ಎಳೆಯಬೇಕು? ಕೊನೆಯ ಹೆಸರನ್ನು ಎಲ್ಲಿ ಇಳಿಸಬೇಕು? ಇದಕ್ಕೆ ರಚನೆ ಅನ್ನದೆ ಇನ್ನೇನು ಅನ್ನಬೇಕು?

ಅಕ್ಕಮಹಾದೇವಿ ಕನಸು ಹೇಳುವ ವಚನವನ್ನೇ ನೋಡಿ. ಒಬ್ಬಳು ಇನ್ನೊಬ್ಬಳಿಗೆ ತನ್ನ ಕನಸು ಹೇಳ್ತಾಳೆ: ಗೊರವ ಭಿಕ್ಷೆಗೆ ಬಂದ, ಬೆನ್ನು ಹತ್ತಿ ಹೋಗಿ ಕೈ ಹಿಡಿದೆ, ಚೆನ್ನಮಲ್ಲಿಕಾರ್ಜುನನ್ನ ಕಂಡು ಕಣ್ಣು ತೆರೆದೆ. ಮನ್ಸೂರರು ಮತ್ತೆ ಮತ್ತೆ ಆ 'ಅಕ್ಕ' ಅನ್ನೋ ಕರೆಗೆ ವಾಪಸ್ ಬರ್ತಾರೆ. ಅದು ಪಲ್ಲವಿ ಬೇಕು ಅಂತ ಮಾಡಿಕೊಂಡ ಪಲ್ಲವಿ ಅನಿಸಲ್ಲ. ಕನಸು ಹೇಳುವವರು ಹಾಗೇ ತಾನೆ, "ಅಕ್ಕಾ, ಕೇಳಿದ್ಯಾ" ಅಂತ ನಡುನಡುವೆ ಎದುರಿನವರನ್ನ ಕರೀತಾರೆ. ಇನ್ನು ಅಂಕಿತ. ಇಲ್ಲಿ ಅದು ಬರೀ ರುಜು ಅಲ್ಲ. ಆ ಹೆಸರು ಬಂದಾಗಲೇ ಕನಸು ಮುಗಿಯೋದು. ಅದನ್ನು ಕತ್ತರಿಸಿದರೆ ಅವಳು ಕಣ್ಣೇ ತೆರೆಯಲ್ಲ. ನಾನು ಬಸವಣ್ಣನವರಿಗೆ ಏನು ಮಾಡಿದ್ದೆ ಅಂತ ಗೊತ್ತಾಗಿದ್ದು ಆವಾಗ.

ಈಗ ವಿಶ್ವವಿದ್ಯಾಲಯದ ವಿಷಯ. ಪಶ್ಚಿಮದಲ್ಲಿ ಅರಮನೆ, ಚರ್ಚುಗಳ ಆಶ್ರಯ ಹೋದ ಮೇಲೆ ಎಷ್ಟೋ ಸಂಗೀತ ರಚನಕಾರರ ಅನ್ನ ವಿಶ್ವವಿದ್ಯಾಲಯಗಳಿಂದ ಬಂತು. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ ಶೋನ್‌ಬರ್ಗ್ ಲಾಸ್ ಏಂಜಲೀಸಿನಲ್ಲಿ ಪಾಠ ಮಾಡಿದರು, ಮಿಲ್ಟನ್ ಬ್ಯಾಬಿಟ್ ಪ್ರಿನ್ಸ್‌ಟನ್ನಿನಲ್ಲಿ. ಅವರ ಕೆಲಸ ಕಾಗದದ ಮೇಲೆ ಇರ್ತಿತ್ತು, ವಿಶ್ವವಿದ್ಯಾಲಯಕ್ಕೆ ಕಾಗದ ಓದೋಕೆ ಬರುತ್ತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮನ್ಸೂರರನ್ನು ಸಂಗೀತ ವಿಭಾಗದ ಗೌರವ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ಕಂಪನಿ ನಾಟಕದಲ್ಲಿ ಬೆಳೆದ ಹುಡುಗನಿಗೆ ಆ ಕುರ್ಚಿ ಕೊಟ್ಟದ್ದು ದೊಡ್ಡ ಮಾತು. ಆದ್ರೆ ಅವರ ರಚನೆ ಕಾಗದದಲ್ಲಿ ಇರಲಿಲ್ಲ, ಗಂಟಲಲ್ಲಿತ್ತು.

ಅದನ್ನು ಹತ್ತಿರದಿಂದ ಪಡೆದವರಲ್ಲಿ ಒಬ್ಬರು ಮಗ ರಾಜಶೇಖರ ಮನ್ಸೂರ. ಅವರೂ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು, ಆದರೆ ಇಂಗ್ಲಿಷಿಗೆ! ಹಾಡು ಕಲಿತದ್ದು ಮನೆಯಲ್ಲಿ, ಅಪ್ಪನ ಎದುರು ಕೂತು, ವೇದಿಕೆ ಮೇಲೆ ಅಪ್ಪನ ಹಿಂದೆ ಕೂತು.

ಇಲ್ಲಿ ಮನ್ಸೂರರ ಮೇಲೂ ನನ್ನದೊಂದು ತಕರಾರಿದೆ. 'ನನ್ನ ರಸಯಾತ್ರೆ' ಅಂತ ಆತ್ಮಕತೆ ಬರೆದವರು, ಈ ವಚನವನ್ನ ಹೀಗೇಕೆ ಕಟ್ಟಿದೆ ಅಂತಲೂ ಬರೆದು ಕೊಟ್ಟಿದ್ದರೆ ನಮ್ಮಂಥವರಿಗೆ ಒಂದು ದಾರಿ ಇರ್ತಿತ್ತು. ಡಾಕ್ಯುಮೆಂಟೇಶನ್ ಇಲ್ಲದ ಕೋಡ್ ಎಷ್ಟೇ ಚೆಂದ ಇದ್ರೂ ಮುಂದಿನವನು ಅದನ್ನ ತೆಗೆದು ತನ್ನದೇ ಬರೀತಾನೆ. ನಾನು ಮಾಡಿದ್ದೂ ಅದೇ ತಾನೆ? ಆದರೆ ತಕರಾರಿನ ದೊಡ್ಡ ಪಾಲು ನಮ್ಮ ಮೇಲೇ ಬರುತ್ತೆ. ಖಯಾಲ್ ಅಂದ್ರೆ ಶಾಸ್ತ್ರೀಯ, ಕುಳಿತು ಕೇಳಬೇಕು. ವಚನ ಅಂದ್ರೆ ಕಛೇರಿಯ ಕೊನೆಗೆ ಹತ್ತು ನಿಮಿಷ, ಇಲ್ಲಾ ಸಮಾರಂಭದ ಶುರುವಿಗೆ ಪ್ರಾರ್ಥನೆ. ಹೀಗೆ ಕೇಳುವ ಕಿವಿಗೆ ಅದರೊಳಗಿನ ರಚನೆ ಹೇಗೆ ಕಾಣಬೇಕು?

ಕುಮಾರ ಗಂಧರ್ವ, ಮನ್ಸೂರ ಇಬ್ಬರೂ ಹೋದದ್ದು ಒಂದೇ ವರ್ಷ, 1992ರಲ್ಲಿ. ಜನವರಿ 12ಕ್ಕೆ ಅವರು, ಸೆಪ್ಟೆಂಬರ್ 12ಕ್ಕೆ ಇವರು. ಒಬ್ಬರ ರಚನೆ ಪುಸ್ತಕದಲ್ಲಿದೆ. ಇನ್ನೊಬ್ಬರದು ಬೇಕಂದ್ರೆ ರೆಕಾರ್ಡಿಂಗ್ ಹಾಕಿಕೊಂಡು, ತಾಳ ಎಣಿಸಿ, ಎಲ್ಲಿ ಉಸಿರು ತಗೋತಾರೆ ಅಂತ ಗುರುತು ಮಾಡಿಕೊಂಡು ನಾವೇ ಬರೆದುಕೊಳ್ಳಬೇಕು.

ನಾನು ಶುರು ಮಾಡಿದ್ದೀನಿ. ಮೂರು ವಾರಕ್ಕೆ ಒಂದೇ ವಚನ, ಅದೂ ಅರ್ಧ. ಕಾಕಾಗೆ ಫೋನ್ ಮಾಡಿ ಹೇಳಿದೆ.

"ಹೆಸರಿನ ತನಕ ಬಂದಿ?"

"ಇನ್ನೂ ಇಲ್ಲರಿ."

"ಬರ್ತದ ಬಿಡು. ಲಗೂ ಮಾಡಬ್ಯಾಡ."